ಎಡಗಿವಿಯ ಕಚ್ಚು

ಮಿರಗದ, ಅಂದರೆ ಮೃಗಶಿರೆಯ, ಎರಡನೆಯ ಮಳೆಯಾದ ಮರುದಿನ ಬೆಳಿಗ್ಗೆ ಅಸಂಗಿ ಕಡೆಯಿಂದ ಒಬ್ಬ ಕುರುಬ ನಮ್ಮ ದವಾಖಾನೆಗೆ ನಡೆದು ಬಂದ. ದವಾಖಾನೆ ಎಂದರೆ ಮರಾಠಿ ರಾಜ್ಯಕ್ಕೆ ಸೇರಿದ ಗಡಿಯೂರು ಉಮದಿಯ ಆಚೆ ಬಾಡಿಗೆಗೆ ಹಿಡಿದ ಎರಡು ಕೋಣೆ, ಎದುರಿಗೆ ದನ ನಿಲ್ಲಿಸಿ ಕಟ್ಟುವ ಕಟ್ಟಿಗೆಯ ಚೌಕಟ್ಟು, ಒಂದು ಬೇವಿನ ಗಿಡ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಲ್ಲಿಯ ಸ್ಟಾಕಮನ್. ಅಂದರೆ ದನದ ಡಾಕ್ಟರಲ್ಲ, ಡಾಕ್ಟರರ ಕೈಕೆಳಗಿನವನು. ಆದರೆ ಡಾಕ್ಟರ ಸಾಹೇಬರು ದೂರದ ಮೇಲಿನ ಕಚೇರಿಯಲ್ಲಿ ಕೂತಿರುತ್ತಿದ್ದರಿಂದ ಹಳ್ಳಿಯವರು ನನ್ನನ್ನೇ ಸಾಹೇಬ ಅನ್ನುತ್ತಿದ್ದರು. ಇಪ್ಪತ್ತಾರರ ವಯಸ್ಸಿನಲ್ಲಿ ಆ ಮಾತು ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತ್ತು.

ಬಂದವನು ಸುಮಾರು ನಾನೂರು ಕುರಿಗಳ ಒಂದು ಹಿಂಡಿನ ಯಜಮಾನ. ಐವತ್ತರ ಆಸುಪಾಸು, ಹೆಗಲ ಮೇಲೆ ಒದ್ದೆ ಕಂಬಳಿ. ಕುಂದ್ರಿ ಅಂದರೂ ಕೂಡಲಿಲ್ಲ.

“ಸಾಹೇಬ್ರ, ಮೊನ್ನಿಂದ ಕುರಿ ಬೀಳಾಕತ್ಯಾವ್ರಿ. ಸಂಜಿಗಿ ಮೇದು ಬಂದದ್ದು ಮುಂಜಾನಿಗಿ ಸತ್ತಿರ್ತದ. ಮೂಗಿನಾಗ ರಗತ.”

“ಎಷ್ಟು ಸತ್ತಾವು?”

“ಆರು. ಏಳನೇದು ನಾ ಬರೂ ಹೊತ್ತಿಗಿ ಕಾಲ ಝಾಡಸಾಕತ್ತಿತ್ರಿ.”

“ಸತ್ತದ್ದನ್ನ ಕೊಯ್ದೀರೇನು?”

“ಒಂದರ ತೊಗಲ ಸುಲದೀವ್ರಿ. ರಗತ ಡಾಂಬರ ಹಂಗ ಕರ್ರಗ. ಹೆಪ್ಪ ಗಟ್ಟವಲ್ದು.”

ಮುಂದೆ ಕೇಳುವುದೇನೂ ಉಳಿಯಲಿಲ್ಲ. ಈ ರೋಗಕ್ಕೆ ಮರಾಠಿಯಲ್ಲಿ ಫಾಶಿ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಅಂಥ್ರಾಕ್ಸ್. ಬರಗಾಲದ ಬಿಸಿಲಿಗೆ ಕಾದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಮಣ್ಣೊಳಗಿನ ರೋಗಾಣು ಎಳೆಯ ಹುಲ್ಲಿನ ಸಂಗಡ ಕುರಿಯ ಹೊಟ್ಟೆ ಸೇರುತ್ತದೆ, ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಸತ್ತ ಕುರಿಯ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಆ ನೆಲ ವರ್ಷಾನುಗಟ್ಟಲೆ ಕೆಡುತ್ತದೆ. ಮನುಷ್ಯನ ಕೈಯಲ್ಲಿ ಸಣ್ಣ ಗಾಯವಿದ್ದರೆ ಅಲ್ಲಿಂದಲೂ ಒಳಗೆ ಹೋಗುತ್ತದೆ. ಕಲಿಕೆಯ ಕಾಲದಲ್ಲಿ ಇದನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಯಜಮಾನನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಫಿನಾಯಿಲ್ ಡಬ್ಬಿ, ಹತ್ತಿ, ಗಾಜಿನ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ನಾವು ಹೋದಾಗ ಹಟ್ಟಿಯ ಮುಂದೆ ಒಬ್ಬ ಹೆಣ್ಣುಮಗಳು ಒಂದು ಕುರಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದಳು. ಯಜಮಾನನ ತೀರಿಹೋದ ಅಣ್ಣನ ಹೆಂಡತಿ. ನಲವತ್ತೈದರ ಗಟ್ಟಿ ಜೀವ. ಕುರಿಯ ಕಿವಿಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಎರಡು ಸಲ ಚಿಮ್ಮಿದಳು. ನರ ಎದ್ದಿತು. ಉಣ್ಣೆ ಕತ್ತರಿಸುವ ಕತ್ತರಿಯ ತುದಿಯಿಂದ ಒಂದೇ ಗೀರು. ರಕ್ತ ತಟತಟ ನೆಲಕ್ಕೆ ಬಿದ್ದಿತು. ಅವಳು ಅದರ ಬಣ್ಣ ನೋಡುತ್ತ ಕೂತಳು. ಕಪ್ಪು ಹೋಗಿ ಕೆಂಪು ಬರುವ ತನಕ ಬಿಡಬೇಕು, ಆಮೇಲೆ ಒಂದು ಚಿಟಿಕೆ ಬೂದಿ ಒತ್ತಬೇಕು. ಇದು ಅವರ ರೀತಿ. ಕುರಿಗೆ ಜ್ವರ ಏರಿದರೆ, ಎದೆ ಕಟ್ಟಿದರೆ, ಹೊಟ್ಟೆ ಉಬ್ಬಿದರೆ ಕೆಟ್ಟ ರಕ್ತ ಹೊರಗೆ ಬಿಡುವುದು. ಆ ಸುತ್ತಿನ ನಾಲ್ಕಾರು ಹಟ್ಟಿಗಳವರು ಈ ಕೆಲಸಕ್ಕೆ ಅವಳನ್ನೇ ಕರೆಯುತ್ತಿದ್ದರು. ನಾನು ಬಹಳ ಜನರ ಕೈಕೆಲಸ ನೋಡಿದ್ದೇನೆ, ಅಷ್ಟು ಚೊಕ್ಕ ಕೈ ಕಡಿಮೆ.

“ಬಿಡ್ರಿ ಅದನ್ನ,” ಅಂದೆ. “ಇದು ರಗತದ ರೋಗ. ರಗತ ಮುಟ್ಟಬಾರದು. ಇನ್ನ ಮ್ಯಾಲ ಕಿವಿ ಕೊಯ್ಯಬ್ಯಾಡ್ರಿ.”

ಅವಳು ಕುರಿ ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮ ಸೂಜಿ ಬರೂ ತನಕ ಕುರಿ ಕಾಯೂದಿಲ್ಲಲ್ರಿ ಸಾಹೇಬ್ರ. ನಿನ್ನಿ ನಾಕಕ್ಕ ಬಿಟ್ಟೀನಿ. ಎರಡು ಉಳದಾವ. ನಿಮ್ಮ ಲೆಕ್ಕದಾಗ ಎಷ್ಟು ಉಳದಾವು?”

ಯಜಮಾನ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ನನ್ನ ಕೆಲಸ ಶುರು ಮಾಡಿದೆ. ಈ ರೋಗದಲ್ಲಿ ಸತ್ತ ಪ್ರಾಣಿಯ ಹೊಟ್ಟೆ ಸೀಳುವಂತಿಲ್ಲ. ಪರೀಕ್ಷೆಗೆ ಬೇಕಾದ ರಕ್ತವನ್ನು ಕಿವಿಯ ನರದಿಂದ ಒಂದೇ ಹನಿ ತೆಗೆಯಬೇಕು. ಏಳನೆಯ ಕುರಿ ಆಗಷ್ಟೇ ಸತ್ತಿತ್ತು. ಅದರ ಕಿವಿಯನ್ನು ಬ್ಲೇಡಿನಿಂದ ಗೀರಿ, ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಗಾಳಿಗೆ ಒಣಗಿಸಿ, ಕಡ್ಡಿ ಗೀರಿ ಉರಿಯ ಮೇಲೆ ಮೂರು ಸಲ ಆಡಿಸಿ, ಮೇಲಿನ ಕಚೇರಿಗೆ ಕಳಿಸಲು ಕಾಗದದಲ್ಲಿ ಸುತ್ತಿದೆ. ಗಾಯಕ್ಕೆ ಫಿನಾಯಿಲ್ ಹತ್ತಿ ತುರುಕಿದೆ. ಮೂಗಿಗೂ ತುರುಕಿದೆ. ಆಳುದ್ದ ತಗ್ಗು ತೋಡಿಸಿ ಸುಣ್ಣ ಹಾಕಿ ಏಳನ್ನೂ ಹೂಳಿಸಿದೆ. ಸುಲಿದ ತೊಗಲನ್ನೂ ಹೂಳಬೇಕು ಅಂದಾಗ ಯಜಮಾನನ ಮುಖ ಗಂಟಾಯಿತು, ಆದರೂ ಹೂಳಿದ. ಅಷ್ಟೂ ಹೊತ್ತು ಆ ಹೆಣ್ಣುಮಗಳು ದೂರ ಕೂತು ನನ್ನ ಕೈ ನೋಡುತ್ತಿದ್ದಳು. ಅವಳು ಕಂಡದ್ದು ಇಷ್ಟು: ಕಿವಿ ಕೊಯ್ಯಬೇಡ ಎಂದವನು ಬಂದ ಕೂಡಲೇ ತಾನೇ ಕಿವಿ ಕೊಯ್ದ. ನಾನೇನೂ ಬಿಡಿಸಿ ಹೇಳಲಿಲ್ಲ.

ಮೂರನೆಯ ದಿನ ಮೇಲಿನ ಕಚೇರಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಥರ್ಮಾಸು ಬಂತು. ಒಳಗೆ ಬರ್ಫ, ಬರ್ಫದೊಳಗೆ ಎರಡು ಬಾಟಲಿ ಲಸಿಕೆ, ಒಂದೊಂದರಲ್ಲಿ ನೂರು ಕುರಿಗೆ ಆಗುವಷ್ಟು. ಸಂಗಡ ಸಾಹೇಬರ ಚೀಟಿ: ಫಾಶಿಯೇ ಹೌದು, ಉಳಿದ ಲಸಿಕೆ ನಾಲ್ಕು ದಿನದಲ್ಲಿ ಕಳಿಸುತ್ತೇನೆ, ಹಾಕಿದ ಕುರಿಗೆ ಬಣ್ಣದ ಗುರುತು ಮಾಡು. ಒಂದು ಡಬ್ಬಿ ನೀಲಿ ಬಣ್ಣವನ್ನೂ ಕಳಿಸಿದ್ದರು.

ಆ ಬಣ್ಣವನ್ನು ಹಚ್ಚಿ ನೋಡಿದೆ. ನಮ್ಮ ಕಡೆಯ ಕುರಿ ಕರಿಯದು. ಒದ್ದೆ ಕರಿ ಉಣ್ಣೆಯ ಮೇಲೆ ನೀಲಿ ಬಣ್ಣ ಎಲ್ಲಿ ಕಾಣಬೇಕು? ಕಚೇರಿಯಲ್ಲಿ ಕೂತು ಬರೆಯುವವರಿಗೆ ಇದೇನು ಗೊತ್ತು ಎಂದು ಒಳಗೊಳಗೇ ಹಿಗ್ಗಿದೆ. ನನ್ನ ಚೀಲದಲ್ಲಿ ಕರುಗಳ ಕಿವಿಗೆ ಕಚ್ಚು ಹಾಕುವ ಇಕ್ಕಳವಿತ್ತು. ಅದುಮಿದರೆ ಕಿವಿಯ ಅಂಚಿನಲ್ಲಿ ಮೂರು ಮೂಲೆಯ ಒಂದು ತುಣುಕು ಹಾರುತ್ತದೆ. ಅಳಿಸುವ ಮಾತೇ ಇಲ್ಲ. ಪ್ರತಿ ಸಲವೂ ಸ್ಪಿರಿಟ್ಟಿನಲ್ಲಿ ಅದ್ದಿದರೆ ಆಯಿತು. ಯಾರನ್ನೂ ಕೇಳದೆ ನಾನೇ ಮಾಡಿದ ತೀರ್ಮಾನ ಇದು.

ಯಾವ ಕಿವಿ? ಬಲಗಿವಿಯಲ್ಲಿ ಎಲ್ಲ ಕುರಿಗಳಿಗೂ ಎರಡೆರಡು ಸೀಳು ಇದ್ದವು, ಅದು ಆ ಮನೆತನದ ಗುರುತು. ಅದರಲ್ಲಿ ನನ್ನ ಗುರುತು ಬೆರೆತರೆ ಗೊಂದಲ. ಎಡಗಿವಿಗೆ ಹಾಕಿದೆ. ಎಡಗಿವಿಗಳಲ್ಲಿ ಅಲ್ಲಲ್ಲಿ ಹಳೆಯ ಗೀರುಗಳಿದ್ದವು, ಜಾಲಿ ಮುಳ್ಳಿಗೆ ಹರಿದಿರಬೇಕು ಅಂದುಕೊಂಡೆ. ಎರಡು ದಿನದ ಹಿಂದೆ ಆ ಹೆಣ್ಣುಮಗಳು ಯಾವ ಕಿವಿ ಹಿಡಿದಿದ್ದಳು ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಇಡೀ ದಿನ ನಡೆಯಿತು. ಸೂಜಿ ಕುದಿಸುವುದು, ಬಾಟಲಿ ಅಲುಗಾಡಿಸುವುದು, ತೊಡೆಯ ಒಳಗಿನ ಬೋಳು ಚರ್ಮದ ಕೆಳಗೆ ಅರ್ಧ ಸಿ.ಸಿ., ಆಮೇಲೆ ಎಡಗಿವಿಗೆ ಇಕ್ಕಳ. ಕುರಿ ಹಿಡಿಯುವವಳು ಅವಳೇ. ನೂರರ ಮೇಲಾದಾಗ ಒಂದು ಸಲ ಕೇಳಿದಳು: “ತೊಡಿಗಿ ಸೂಜಿ ಹಾಕ್ತೀರಿ, ಮ್ಯಾಲ ಕಿವಿಗಿ ಇದು ಎದಕ್ರಿ?”

ಬೆನ್ನು ನೋಯುತ್ತಿತ್ತು, ಬರ್ಫ ಕರಗುತ್ತಿತ್ತು. “ನಿಮಗ ತಿಳಿಯಾಂಗಿಲ್ಲ. ಸುಮ್ನ ಹಿಡೀರಿ,” ಅಂದೆ.

ಅವಳು ಸುಮ್ಮನೆ ಹಿಡಿದಳು. ಹತ್ತು ಸೆಕೆಂಡು ಸಾಕಿತ್ತು ಹೇಳಲಿಕ್ಕೆ. ಎಷ್ಟೋ ಸಲ ಎಣಿಸಿ ನೋಡಿದ್ದೇನೆ, ಹತ್ತು ಸೆಕೆಂಡೂ ಬೇಡ.

ಇನ್ನೂರು ಮುಗಿದವು, ಸುಮಾರು ಇನ್ನೂರು ಉಳಿದವು. ಅಲ್ಲಿಂದ ನಾಲ್ಕನೆಯ ದಿನಕ್ಕೆ ಬರಬೇಕಾದ ಲಸಿಕೆ ಬರಲಿಲ್ಲ. ಐದನೆಯ ದಿನ ಬಂತು, ಆದರೆ ದಾರಿಯಲ್ಲಿ ಬಸ್ಸು ಕೆಟ್ಟು ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಂತಿತ್ತಂತೆ. ಥರ್ಮಾಸಿನ ಮುಚ್ಚಳ ತೆಗೆದರೆ ಒಳಗೆ ಬೆಚ್ಚನೆಯ ನೀರು. ಜೀವಂತ ಲಸಿಕೆ ಅದು, ಬೆಚ್ಚಗಾದರೆ ಹಾಕುವಂತಿಲ್ಲ. ಹೂತುಹಾಕಿ ಮತ್ತೆ ಚೀಟಿ ಬರೆದೆ. ಸಾಹೇಬರ ಉತ್ತರ ಬಂತು: ಹೊಸದನ್ನು ಕಳಿಸುತ್ತೇನೆ, ಈ ವಾರ ಜೀಪಿನಲ್ಲಿ ಊರೂರು ಸುತ್ತುವ ಲಸಿಕೆಯ ತಂಡವೂ ಅಸಂಗಿ ಕಡೆ ತಿರುಗಲಿದೆ, ಅವರೂ ಹಾಕಬಹುದು.

ಮೊದಲ ಲಸಿಕೆಯಿಂದ ಹತ್ತನೆಯ ದಿನ ಹೊಸ ಲಸಿಕೆ ಹಿಡಿದು ಹೋದೆ. ಹಿಂಡು ಒಂದು ಹರದಾರಿ ಮುಂದೆ ಸಾಗಿತ್ತು. ಹಳ್ಳದ ದಂಡೆಯಲ್ಲಿ ಕುರಿಗಳು ಮೇಯುತ್ತಿದ್ದವು, ಯಜಮಾನ ಇರಲಿಲ್ಲ. ನಾನು ಸೈಕಲ್ಲು ನಿಲ್ಲಿಸಿ ಹಿಂಡಿನ ಅಂಚಿನಲ್ಲಿ ನಡೆದೆ. ಎಲ್ಲ ಎಡಗಿವಿಗಳಲ್ಲೂ ಮೂರು ಮೂಲೆಯ ಕಚ್ಚು. ಕೆಲವು ಒಣಗಿದ್ದವು, ಕೆಲವು ಇನ್ನೂ ಹಕ್ಕಳೆ ಕಟ್ಟಿದ್ದವು. ಒಂದೂ ಬಿಟ್ಟಿರಲಿಲ್ಲ. ಜೀಪಿನವರು ಬಂದು ಮುಗಿಸಿ ಹೋಗಿದ್ದಾರೆ, ನನ್ನ ಗುರುತಿನ ಪದ್ಧತಿಯನ್ನೇ ಹಿಡಿದಿದ್ದಾರೆ ಎಂದು ಖುಷಿಯೂ ಆಯಿತು. ಕುರಿ ಕಾಯುತ್ತಿದ್ದವರನ್ನು ಒಂದು ಮಾತು ಕೇಳಲಿಲ್ಲ. ಆ ಎರಡು ಬಾಟಲಿಗಳನ್ನು ಸೊರಡಿ ಕಡೆಯ ಇನ್ನೊಂದು ಹಿಂಡಿಗೆ ಒಯ್ದು ಹಾಕಿದೆ. ದವಾಖಾನೆಯ ರಿಜಿಸ್ಟರಿನಲ್ಲಿ ಈ ಹಿಂಡಿನ ಹೆಸರಿನ ಮುಂದೆ, ಪೂರ್ಣ ಎಂದು ಬರೆದೆ.

ಮತ್ತೆ ನಾಲ್ಕು ದಿನಕ್ಕೆ ಯಜಮಾನ ದವಾಖಾನೆಯ ಬಾಗಿಲಲ್ಲಿ ನಿಂತಿದ್ದ.

“ಹದಿನೆಂಟು ಹ್ವಾದು ಸಾಹೇಬ್ರ. ಇವತ್ತ ಮುಂಜಾನಿ ಐದು.”

“ಹೆಂಗ ಸಾಧ್ಯ? ಎಲ್ಲಕ್ಕೂ ಲಸಿಕೆ ಆಗೇತಲ್ಲ?”

“ಅದನ್ನ ನೀವ ಹೇಳ್ಬೇಕು. ನಮ್ಮ ಅತ್ತಿಗಿ ಕೈನೂ ಬಾತೈತ್ರಿ. ನೋಡಿದ್ರ ಹೆದರಿಕಿ ಬರ್ತದ.”

ಹೋಗಿ ನೋಡಿದೆ. ಅವಳು ಗಿಡದ ಕೆಳಗೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೆಬ್ಬೆರಳಿನ ಬುಡದಲ್ಲಿ ರೂಪಾಯಿ ಅಗಲದ ಕಪ್ಪು ಹಕ್ಕಳೆ, ಇದ್ದಲಿನ ಬಣ್ಣ. ಸುತ್ತ ನೀರುಗುಳ್ಳೆಗಳ ಸಾಲು. ಬಾವು ಮೊಣಕೈ ದಾಟಿತ್ತು.

“ನೋವೈತೇನ್ರಿ ಅಕ್ಕಾ?”

“ಇಲ್ರಿ. ಅದ ತಿಳೀವಲ್ದು. ಮೊದಲ ತುರಸ್ತಿತ್ತು, ಈಗ ಅದೂ ಇಲ್ಲ. ಕೈ ಕಂಬ ಆಗೇತಿ.”

ನೋವಿಲ್ಲ ಅಂದದ್ದೇ ತಡ, ರೋಗ ಯಾವುದೆಂದು ತಿಳಿಯಿತು. ಫಾಶಿ ಮನುಷ್ಯನ ಚರ್ಮಕ್ಕೆ ಹತ್ತಿದರೆ ಹೀಗೇ, ಕಪ್ಪಗಾಗುತ್ತದೆ, ನೋಯುವುದಿಲ್ಲ. ಈ ರಕ್ತ ಇವಳ ಕೈಗೆ ಎಲ್ಲಿಂದ ಬಂತು ಎಂದು ಕೇಳುವಾಗಲೇ ಉತ್ತರ ಅರ್ಧ ಹೊಳೆದಿತ್ತು.

“ನೀವು ಬಿಟ್ಟ ಕುರಿ ಅಕಿನ ಮುಗಿಸಿದ್ಲಲ್ರಿ,” ಎಂದ ಯಜಮಾನ. “ನೀವು ಬರಲಿಲ್ಲ, ಎರಡು ಮತ್ತ ಸತ್ತು. ಅಕಿ ಅಂದ್ಲು, ಸೂಜಿ ಇಲ್ಲಂದ್ರ ಇಲ್ಲ, ಕಿವೀದರ ಆಗ್ಲಿ ಅಂತ. ನಿಮ್ಮ ಹಂಗ ಮೂರು ಮೂಲಿ ಕತ್ತರಿಸ್ಯಾಳ. ಸರಕಾರಿ ಪದ್ಧತ್ಯಾಗ ರಗತ ಚಲೋ ಬರ್ತದಂತ.”

“ಅದು ರಗತ ಬಿಡಾಕ ಅಲ್ಲ,” ಅಂದೆ. “ಅದು ಗುರುತು.”

ಅವಳು ತಲೆ ಎತ್ತಿದಳು. “ಗುರುತಾ? ಗುರುತು ಬಲಗಿವಿಗಿ ಮಾಡ್ತಾರಲ್ರಿ. ನಮ್ಮಪ್ಪನ ಕಾಲದಿಂದ ಬಲಗಿವಿ ಗುರುತಿಂದು, ಎಡಗಿವಿ ರಗತದ್ದು. ನೀವು ಎಡಗಿವಿ ಹಿಡದ್ರಿ. ನಾ ಅಂದೆ, ಬ್ಯಾಡ ಬ್ಯಾಡ ಅಂದವ್ರು ಕಡೀಕ ನಮ್ಮ ಹಾದೀಗಿ ಬಂದ್ರು ಅಂತ.”

ಹೇಳುವಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲ ಮಾತ್ರ ಇತ್ತು. ಜ್ವರವಿದ್ದ ಕುರಿಗಳಿಂದ ಶುರುಮಾಡಿ, ಒಂದೇ ಕತ್ತರಿಯಲ್ಲಿ, ಒರೆಸದೆ, ಇನ್ನೂರು ಕಿವಿ. ಕೆಟ್ಟ ಕುರಿಯ ರಕ್ತವನ್ನು ಚಲೋ ಕುರಿಗೆ ತಾನೇ ಹಚ್ಚಿದ್ದಳು, ಹೆಬ್ಬೆರಳಿನ ಗೀರಿಗೂ ಹಚ್ಚಿಕೊಂಡಿದ್ದಳು. ಕೈ ಅವಳದು, ಮಾದರಿ ನನ್ನದು.

ಹತ್ತಿರದಲ್ಲಿದ್ದ ಮನುಷ್ಯರ ದವಾಖಾನೆಯ ಡಾಕ್ಟರರು ಜಿಲ್ಲೆಗೆ ಹೋಗಿದ್ದಾರೆ, ನಾಳೆ ಸಂಜೆ ಬರುತ್ತಾರೆ ಎಂದು ಗೊತ್ತಿತ್ತು. ಉಮದಿಯಿಂದ ವಿಜಾಪುರಕ್ಕೆ ಆ ದಿನದ ಕೊನೆಯ ಬಸ್ಸು ಹೋಗಿಯಾಗಿತ್ತು. ಬಾವು ಭುಜ ಹತ್ತಿ ರಕ್ತಕ್ಕೆ ಇಳಿದರೆ ಆಮೇಲೆ ಯಾವ ಬಸ್ಸೂ ಉಪಯೋಗಕ್ಕೆ ಬರುವುದಿಲ್ಲ. ನನ್ನ ಚೀಲದಲ್ಲಿ ಜ್ವರ ಬಂದ ಕುರಿಗಳಿಗೆಂದು ತಂದ ಪೆನಿಸಿಲಿನ್ ಬಾಟಲಿಗಳಿದ್ದವು. ಮನುಷ್ಯರಿಗೆ ಕೊಡುವುದೂ ಅದೇ ಔಷಧ, ಬಾಟಲಿಯ ಮೇಲಿನ ಚೀಟಿ ಮಾತ್ರ ಬೇರೆ. ಸ್ಟಾಕಮನ್ ಮನುಷ್ಯನಿಗೆ ಸೂಜಿ ಚುಚ್ಚಿದರೆ ನೌಕರಿ ಹೋಗುತ್ತದೆ, ಚುಚ್ಚಿಸಿಕೊಂಡವರು ಸತ್ತರೆ ಜೇಲು. ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಬಹಳ ಹೊತ್ತಲ್ಲ.

ಹೊಸ ಸೂಜಿಯನ್ನು ಇಪ್ಪತ್ತು ನಿಮಿಷ ಕುದಿಸಿದೆ. ಔಷಧ ಒಗ್ಗುತ್ತದೋ ನೋಡಲು ಒಂದು ಹನಿಯನ್ನು ಅವಳ ಎಡಗೈಯ ಚರ್ಮದ ಕೆಳಗೆ ಬಿಟ್ಟು ಅರ್ಧ ತಾಸು ಕಾದೆ. ಕೆಂಪಾಗಲಿಲ್ಲ, ಉಸಿರು ಕಟ್ಟಲಿಲ್ಲ. “ಇದು ಕುರೀ ಸೂಜಿ ಏನ್ರಿ?” ಎಂದಳು. ಹೌದೆಂದೆ. “ಹಂಗಾರ ಕಿವಿಗಿ ಕಚ್ಚು ಹಾಕಬ್ಯಾಡ್ರಿ ಮತ್ತ,” ಎಂದು ನಕ್ಕಳು. ನನಗೆ ನಗಲಿಕ್ಕೆ ಆಗಲಿಲ್ಲ. ಪೂರ್ತಿ ಡೋಸು ಚುಚ್ಚಿದೆ. ಸಂಜೆಗೆ ಇನ್ನೊಂದು, ನಸುಕಿನಲ್ಲಿ ಮತ್ತೊಂದು. ಬೆಳಿಗ್ಗೆ ಬಾವು ಇಳಿದಿರಲಿಲ್ಲ, ಏರಿಯೂ ಇರಲಿಲ್ಲ.

ಮೊದಲ ಬಸ್ಸಿಗೆ ವಿಜಾಪುರಕ್ಕೆ ಹೊರಟೆವು, ಅವಳು, ಯಜಮಾನ, ನಾನು. ಅವಳ ತವರೂ ಅದೇ ದಾರಿಯ ಒಂದು ಹಳ್ಳಿ. ಬಸ್ಸು ಆ ಊರು ದಾಟುವಾಗ ಅವಳು ಆಚೆ ಮುಖ ಮಾಡಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು:

“ಕುರಿ ನಾ ಕೊಂದಂಗಾತೇನ್ರಿ?”

“ಇಲ್ಲ ಅಕ್ಕಾ. ತಪ್ಪು ನಂದು. ನಾ ಎಡಗಿವಿಗಿ ಹಾಕಬಾರದಿತ್ತು, ಹಾಕಿದಮ್ಯಾಲ ಹೇಳಬೇಕಿತ್ತು.”

ಯಜಮಾನ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: “ನಮಗ ಹೇಳಿದ್ರ ಏನಾತ್ರಿ ಸಾಹೇಬ್ರ. ಬ್ಯಾರೆ ಹಟ್ಟಿಯವ್ರು ಆಗಲೇ ಅನ್ನಾಕತ್ತಾರ, ಅಕಿ ಕೈ ಕೆಟ್ಟೈತಿ, ಆ ಹಿಂಡು ನಮ್ಮ ನೀರಿಗಿ ಬರಬ್ಯಾಡ ಅಂತ. ಸರಕಾರಿ ಮನಷ್ಯಾ ನಾಕ ಮಂದಿ ಮುಂದ ಹೇಳಿದ್ರ ಕೇಳ್ತಾರ. ಇಲ್ಲಂದ್ರ ಅಕೀನ್ನ ತವರಿಗಿ ಕಳಸೂದ ದಾರಿ. ನಾ ಹಿಂಡು ಉಳಿಸ್ಕೋಬೇಕಲ್ರಿ.”

“ಹೇಳ್ತೀನಿ,” ಅಂದೆ. “ಎಲ್ಲಾರ ಮುಂದ ನಾನ ಹೇಳ್ತೀನಿ.”

ಅವಳು ನನ್ನ ಮುಖ ನೋಡಿದಳು. “ನೋಡ್ರಿ ಮತ್ತ. ನನಗ ಕುರಿ ಬಿಟ್ಟು ಬ್ಯಾರೆ ಕೆಲಸ ಬರೂದಿಲ್ಲ.”

ವಿಜಾಪುರದ ದವಾಖಾನೆಯ ಡಾಕ್ಟರರು ಕೈ ನೋಡಿ, ಪೆನಿಸಿಲಿನ್ ಯಾರು ಕೊಟ್ಟರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, “ನಮ್ಮ ಕುರಿ ಡಾಕಟರು” ಅಂದಳು. ಅವರು ನನ್ನ ಕಡೆ ಒಂದು ಗಳಿಗೆ ನೋಡಿ, ಅದನ್ನೇ ಮುಂದುವರಿಸಿ ಎಂದು ಬರೆದರು. ಜೀವ ಉಳಿಯಿತು. ಹೆಬ್ಬೆರಳು ಮಾತ್ರ ಆಮೇಲೆ ಪೂರ್ತಿ ಮಡಚಲಿಲ್ಲ.

ನಾನು ಅಂದೇ ಮೇಲಿನ ಕಚೇರಿಗೆ ಹೋದೆ. ಲಸಿಕೆ ಇಲ್ಲದ ಕುರಿ ಇನ್ನೂ ನೂರೈವತ್ತರ ಮೇಲಿದ್ದವು, ದಿನಾ ಸಾಯುತ್ತಿದ್ದವು. ಸಾಹೇಬರು ಮರಾಠಿಯವರು, ಮೆದು ಮಾತಿನವರು, ನಿವೃತ್ತಿಗೆ ಹತ್ತಿರ ಬಂದಿದ್ದರು. ನಾನು ಒಂದೂ ಬಿಡದೆ ಹೇಳಿದೆ: ಇಕ್ಕಳ, ಎಡಗಿವಿ, ಕೇಳದೆ ಹೋದದ್ದು, ಪೂರ್ಣ ಎಂದು ಬರೆದದ್ದು. ಪೆನಿಸಿಲಿನ್ ಸಂಗತಿಯನ್ನೂ ಹೇಳಿದೆ. ಜೀಪಿನ ತಂಡ ಅಸಂಗಿ ಕಡೆ ಹೋಗಿಯೇ ಇರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೀಗೆ ಬರೆದರೆ ವಿಚಾರಣೆ ಬರುತ್ತದೆ,” ಎಂದರು ಮರಾಠಿಯಲ್ಲಿ. “ಬಣ್ಣ ಕೊಟ್ಟರೂ ಕಿವಿ ಯಾಕೆ ಕತ್ತರಿಸಿದೆ ಎಂದು ನಿನ್ನನ್ನು ಕೇಳುತ್ತಾರೆ. ತಂಡ ಯಾಕೆ ಹೋಗಲಿಲ್ಲ ಎಂದು ನನ್ನನ್ನು ಕೇಳುತ್ತಾರೆ. ವಿಚಾರಣೆ ಮುಗಿಯುವ ತನಕ, ಪೂರ್ಣ ಎಂದು ಬರೆದ ಹಿಂಡಿಗೆ ಮತ್ತೆ ಲಸಿಕೆ ಕೊಡಲು ನನಗೆ ಬರುವುದಿಲ್ಲ. ಎಷ್ಟು ದಿನವೋ ಗೊತ್ತಿಲ್ಲ.”

ಅವರು ಮೇಜಿನ ಖಾನೆಯಿಂದ ಒಂದು ಬಿಳಿ ಕಾಗದ ತೆಗೆದರು.

“ಇನ್ನೊಂದು ರೀತಿ ಬರೆಯಬಹುದು. ಕುರುಬರು ಮೂಢನಂಬಿಕೆಯಿಂದ ರಕ್ತ ಬಿಟ್ಟು, ಅದನ್ನು ಮುಚ್ಚಿಟ್ಟು, ರೋಗ ಹರಡಿದರು. ಆದ್ದರಿಂದ ಮರುಲಸಿಕೆ ಅವಶ್ಯ. ಇದಕ್ಕೆ ಈಗಲೇ ಸಹಿ ಹಾಕಿದರೆ ಎರಡು ಬಾಟಲಿ ಈಗಲೇ ಕೊಡುತ್ತೇನೆ. ಅದರಲ್ಲಿ ಸುಳ್ಳೇನಿದೆ? ರಕ್ತ ಬಿಟ್ಟದ್ದು ಖರೆ ತಾನೆ?”

ಮುಚ್ಚಿಟ್ಟದ್ದು ಸುಳ್ಳು ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು. ನಾನು ಸಾಯುತ್ತಿರುವ ಕುರಿಗಳ ಬಗ್ಗೆ ವಿಚಾರ ಮಾಡಿದೆ. ನನ್ನ ನೌಕರಿಯ ಬಗ್ಗೆಯೂ ಮಾಡಿದೆ. ಎರಡರಲ್ಲಿ ಯಾವುದು ಹೆಚ್ಚು ತೂಗಿತು ಎಂದು ಇವತ್ತಿಗೂ ನನ್ನ ಮುಂದೆ ನಾನು ಪ್ರಾಮಾಣಿಕವಾಗಿ ಹೇಳಿಕೊಳ್ಳಲಾರೆ. ಸಹಿ ಹಾಕಿದೆ. ಆ ಕಾಗದದಲ್ಲಿ ಪೆನಿಸಿಲಿನ್ ಬರಲಿಲ್ಲ, ಇಕ್ಕಳವೂ ಬರಲಿಲ್ಲ.

ಮರುದಿನ ಉಳಿದ ಕುರಿಗಳಿಗೆ ಲಸಿಕೆ ಹಾಕಿದೆ. ಈ ಸಲ ಕಿವಿ ಮುಟ್ಟಲಿಲ್ಲ. ಯಜಮಾನ ಬಿಳಿ ಉಣ್ಣೆಯ ದಾರ ಕೊಟ್ಟ, ಒಂದೊಂದರ ಕೊರಳಿಗೆ ಕಟ್ಟಿದೆವು. ಕರಿ ಕುರಿಯ ಮೇಲೆ ಬಿಳಿ ದಾರ ಒಂದು ಹೊಲದಾಚೆಯಿಂದ ಕಾಣುತ್ತಿತ್ತು. ಹತ್ತು ದಿನದಲ್ಲಿ ಸಾವು ನಿಂತಿತು. ಒಟ್ಟು ಐವತ್ತರ ಹತ್ತಿರ ಹೋಗಿದ್ದವು.

ಅಲ್ಲಿಗೆ ಮುಗಿದಿದ್ದರೆ ನಾನು ಹೇಗೋ ಮರೆಯುತ್ತಿದ್ದೆ. ಆದರೆ ಸಹಿ ಹಾಕಿದ ಕಾಗದ ಮೇಲೆ ಹೋಗಿ, ಕುರುಬರಿಗೆ ತಿಳಿವಳಿಕೆ ಕೊಡಬೇಕು ಎಂಬ ಹುಕುಮಾಗಿ ಕೆಳಗೆ ಬಂತು. ತಿಂಗಳ ಮೇಲೆ, ಉ​ಮದಿಯ ಸಂತೆಯ ದಿನ, ಒಂದು ಚಪ್ಪರದ ಕೆಳಗೆ ಸಭೆ. ಸುತ್ತಿನ ಹಟ್ಟಿಗಳ ಕುರುಬರೆಲ್ಲ ಬಂದಿದ್ದರು. ಸಾಹೇಬರು ಮರಾಠಿಯಲ್ಲಿ ಮಾತಾಡುವುದು, ನಾನು ಅದನ್ನೇ ಕನ್ನಡದಲ್ಲಿ ಹೇಳುವುದು ಎಂದು ಗೊತ್ತುಮಾಡಿದ್ದರು.

ಯಜಮಾನ ಮುಂದಿನ ಸಾಲಿನಲ್ಲಿದ್ದ. ಅವನ ಹಿಂದೆ ಹೆಂಗಸರ ಕಡೆ ಅವಳು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ನನ್ನನ್ನು ಕಂಡು ತಲೆ ಆಡಿಸಿದಳು. ನಾಲ್ಕು ಮಂದಿಯ ಮುಂದೆ ಹೇಳುತ್ತೇನೆ ಅಂದಿದ್ದೆನಲ್ಲ, ಆ ನಾಲ್ಕು ಮಂದಿ ನಾಲ್ಕುನೂರಾಗಿ ಕೂತಿದ್ದರು. ನನ್ನ ಮಾತೂ ತಯಾರಿತ್ತು. ಹಿಂದಿನ ಎರಡು ದಿನ ಅದನ್ನೇ ಹೇಳಿಕೊಂಡಿದ್ದೆ: ಕಚ್ಚು ಹಾಕಿದವನು ನಾನು, ಅದು ಯಾಕೆಂದು ಹೇಳದವನೂ ನಾನು, ಈ ಅಕ್ಕ ನನ್ನನ್ನು ನೋಡಿ ಮಾಡಿದಳು.

ಸಾಹೇಬರು ಮಾತಾಡಿದರು. ರಕ್ತ ಬಿಡುವ ಪದ್ಧತಿ ಕೆಟ್ಟದ್ದು ಅಂದರು, ಅದು ಸರಿ. ಈ ಭಾಗದಲ್ಲೇ ಒಬ್ಬ ಅಡಾಣಿ, ಅಂದರೆ ತಿಳಿಗೇಡಿ, ಹೆಂಗಸು ಸರಕಾರಿ ಲಸಿಕೆಯನ್ನು ನಂಬದೆ, ಕದ್ದು ಕಿವಿ ಕೊಯ್ದು, ಇಡೀ ಹಿಂಡಿಗೆ ರೋಗ ಹಚ್ಚಿದಳು ಅಂದರು. ಹೆಸರು ಹೇಳಲಿಲ್ಲ, ಹೇಳುವ ಅವಶ್ಯಕತೆಯೂ ಇರಲಿಲ್ಲ. ಚಪ್ಪರದಲ್ಲಿ ಗದ್ದಲವಾಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ಎದ್ದು ನಿಂತೆ. ಪಕ್ಕದ ಕುರ್ಚಿಯಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಜಿಲ್ಲೆಯಿಂದ ಬಂದ ದೊಡ್ಡ ಸಾಹೇಬರು, ಅವರ ತೊಡೆಯ ಮೇಲೆ ಫೈಲು. ಫೈಲಿನಲ್ಲಿ ನನ್ನ ಸಹಿ. ರಕ್ತ ಬಿಡುವುದು ಕೆಟ್ಟದ್ದು ಅಂದೆ. ನನ್ನ ಬಾಯಿ ಅಲ್ಲಿ ನಿಲ್ಲಲಿಲ್ಲ, ಮುಂದಿನದನ್ನೂ ಹೇಳಿತು. “ನಮ್ಮ ಕಡೀನ ಒಬ್ಬ ಹೆಣ್ಣುಮಗಳು, ತಿಳೀದ, ಕದ್ದು ಕಿವಿ ಕೊಯ್ದು…” ಅಡಾಣಿ ಎಂಬುದನ್ನು ತಿಳಿಯದೆ ಎಂದು ಮೆತ್ತಗೆ ಮಾಡಿದೆ. ನನ್ನಿಂದ ಆದದ್ದು ಅಷ್ಟೇ. ಕದ್ದು ಎಂಬುದನ್ನು ಹಾಗೇ ಬಿಟ್ಟೆ. ಜಿಲ್ಲೆಯ ಸಾಹೇಬರು ತಲೆದೂಗಿದರು.

ಸಭೆ ಮುಗಿಯಿತು. ಗಂಡಸರು ಕಂಬಳಿ ಝಾಡಿಸಿಕೊಂಡು ಎದ್ದರು. ಯಜಮಾನ ನನ್ನ ಹತ್ತಿರ ಬರಲಿಲ್ಲ. ಅತ್ತಿಗೆಯ ಹತ್ತಿರ ಹೋಗಿ ಮೆಲ್ಲಗೆ ಎರಡು ಮಾತಾಡಿ, ತನ್ನ ಮಂದಿಯ ಸಂಗಡ ಹೊರಟ. ನಾನು ಅವಳ ಕಡೆ ಹೋದೆ. ಏನು ಹೇಳಲಿಕ್ಕೆ ಹೋದೆನೋ ತಿಳಿಯದು. ಸಾಹೇಬರ ಮಾತನ್ನು ನಾನು ಬರೀ ಕನ್ನಡಕ್ಕೆ ತಂದೆ, ಅವು ನನ್ನ ಮಾತಲ್ಲ ಅಂತ ಏನೋ ತೊದಲಿದೆ.

ಅವಳು ಸಿಟ್ಟಾಗಲಿಲ್ಲ. ಪೂರ್ತಿ ಮಡಚದ ಬೆರಳಿನಿಂದ ಸೆರಗು ಸರಿಮಾಡಿಕೊಂಡಳು.

“ಮರಾಠಿ ನಮಗೆಲ್ಲಾರಿಗೂ ತಿಳೀತದ್ರಿ ಸಾಹೇಬ್ರ. ಅವರು ಅಂದದ್ದು ಆಗಲೇ ತಿಳದಿತ್ತು. ನೀವ ಏನಂತೀರಿ ಅಂತ ಕೇಳಾಕ ಕುಂತಿದ್ವಿ.”

ಗಂಡಸರು ಅಸಂಗಿಯ ದಾರಿ ಹಿಡಿದಿದ್ದರು. ಅವಳು ಅವರ ಹಿಂದೆ ಹೋಗಲಿಲ್ಲ, ತವರಿನ ಹಾದಿಯ ವಿಜಾಪುರದ ಬಸ್ಸು ನಿಲ್ಲುವ ಕಡೆಗೆ ನಡೆದಳು.